ವರ್ತನೆ ಹೂವು ಮತ್ತು ಇಪ್ಪತ್ತೆಂಟು ದಿನದ ತಿಂಗಳು



ದಸರಾ ರಜೆ ಮುಗಿಸಿಕೊಂಡು ಮೊನ್ನೆಯಷ್ಟೇ ಮೈಸೂರಿನಿಂದ ವಾಪಸ್ ಬಂದೆ. ನಮ್ಮ ಮನೆ ಶ್ರೀರಾಂಪುರದಲ್ಲಿ. ನಾನು ಹುಟ್ಟಿ ಬೆಳೆದದ್ದು, ಸೈಕಲ್ ಕಲಿತದ್ದು, ಎಂಜಿನಿಯರಿಂಗ್ ಓದಿದ್ದು ಎಲ್ಲಾ ಅಲ್ಲೇ. ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ "ಹೂವಾ..." ಅಂತ ಒಂದು ದನಿ ಬರುತ್ತೆ. ಇಪ್ಪತ್ತು ವರ್ಷದಿಂದ ಅದೇ ದನಿ. ನಾವೆಲ್ಲ ಅವರನ್ನ ಹೂವಿನಮ್ಮ ಅಂತಲೇ ಕರೆಯೋದು. ನಮ್ಮಮ್ಮನಿಗೆ ಅವರದು ವರ್ತನೆ ಹೂವು. ದಿನಾ ಒಂದು ಮೊಳ, ತಿಂಗಳ ಕೊನೆಗೆ ಲೆಕ್ಕ.

ಈ ಸಲ ಅವರ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ. ಯಾಕಮ್ಮಾ ಅಂದೆ. ಆಯುಧಪೂಜೆಯ ವ್ಯಾಪಾರಕ್ಕೆ ಹೂವು ತರೋದಕ್ಕೆ ಕೈಲಿದ್ದ ದುಡ್ಡನ್ನೆಲ್ಲ ಹಾಕಿದ್ದರಂತೆ. ಫೋನಿನ ಪ್ಯಾಕ್ ಮುಗಿದಿತ್ತು. ಔಟ್‌ಗೋಯಿಂಗ್ ನಿಂತಿತು. ನಾನು ಯಾರಿಗೂ ಮಾಡಬೇಕಾಗಿಲ್ಲ, ಬರೋ ಕಾಲ್ ಬಂದೇ ಬರುತ್ತಲ್ಲ ಅಂತ ಸುಮ್ಮನಿದ್ದರು. ಆಮೇಲೆ ಒಂದು ದಿನ ಇನ್‌ಕಮಿಂಗ್ ಕೂಡ ನಿಂತಿದೆ. ಅದು ಅವರಿಗೆ ಗೊತ್ತೇ ಆಗಿಲ್ಲ. ಫೋನ್ ಆನ್ ಇದೆ, ಚಾರ್ಜ್ ಇದೆ, ಸೆರಗಿನ ಗಂಟಿನಲ್ಲಿ ಭದ್ರವಾಗಿದೆ. ಅದೇ ರಾತ್ರಿ ಎಚ್.ಡಿ. ಕೋಟೆಯಲ್ಲಿರುವ ಮಗಳನ್ನು ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದಾರೆ. ಅಳಿಯ ಹತ್ತಾರು ಸಲ ಫೋನ್ ಮಾಡಿದ್ದಾನೆ. ಮೊಮ್ಮಗಳು ಹುಟ್ಟಿದ ವಿಷಯ ಅಜ್ಜಿಗೆ ತಿಳಿದದ್ದು ಮಾರನೇ ದಿನ ಮಧ್ಯಾಹ್ನ, ಅದೂ ಪಕ್ಕದ ಮನೆಯವರ ಫೋನಿನಿಂದ.

ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಹೂವಿನಮ್ಮ ನನ್ನನ್ನು ಬಿಡಲಿಲ್ಲ. "ಟಿವೀಲಿ ಎಲ್ಲಾರ್ ವಿಷ್ಯಾನೂ ಮಾತಾಡ್ತೀಯಲ್ಲ ಮಗ, ನಮ್ದೂ ಒಸಿ ಮಾತಾಡಪ್ಪ. ತಿಂಗ್ಳು ಅಂದ್ರೆ ಮೂವತ್ತು ದಿನ ತಾನೆ? ಇವ್ರುದು ಯಾಕೆ ಇಪ್ಪತ್ತೆಂಟೇ ದಿನಕ್ಕೆ ಮುಗ್ದೋಯ್ತದೆ? ನಾನು ನಿಮ್ಮಮ್ಮಂಗೆ ಇಪ್ಪತ್ತೆಂಟು ದಿನ ಹೂವು ಕೊಟ್ಟು ತಿಂಗ್ಳ ದುಡ್ಡು ಕೇಳಿದ್ರೆ ಸುಮ್ಕಿರ್ತಾರಾ?"

ನಾನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದಿದವನು. ಟವರ್ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ್ದರೆ ಗೋಡೆ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಈ ಪ್ರಶ್ನೆಗೆ ಮಾತ್ರ ಗೇಟಿನ ಹತ್ತಿರ ನಿಂತು ತಲೆ ಕೆರೆದುಕೊಂಡೆ.

ಲೆಕ್ಕ ಹಾಕಿ ನೋಡಿ. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿದರೆ 364. ಅಂದ್ರೆ ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳು, ಮೊಬೈಲಿನಲ್ಲಿ ಹದಿಮೂರು. ಇದು ನನ್ನ ಹೂವಿನಮ್ಮನಿಗೆ ಮಾತ್ರ ಹೊಳೆದದ್ದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, 2022ರ ಜನವರಿಯಲ್ಲಿ ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ ಮೂವತ್ತು ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಕಿಗೆ ಹಾಕಿಸಬಹುದಾದ ಒಂದು ಪ್ಲಾನ್ ಇಡಲೇಬೇಕು ಅಂತ. ಇಟ್ಟಿದ್ದಾರೆ. ಆದರೆ ಅಂಗಡಿಗೆ ಹೋಗಿ "ರೀಚಾರ್ಜ್ ಮಾಡಿ" ಅಂದರೆ ನಿಮ್ಮ ಮುಂದೆ ಮೊದಲು ಬರೋದು ಯಾವುದು? ನಿಮ್ಮ ಅನುಭವವೇ ಹೇಳುತ್ತೆ.

ಇವತ್ತಿನ ಮಾತು ಅದೇ. ನಮ್ಮ ದೇಶದ ಟೆಲಿಕಾಂ ಮಾರುಕಟ್ಟೆ ಎತ್ತ ಹೋಗುತ್ತಿದೆ? 5ಜಿ, 6ಜಿ, ಉಪಗ್ರಹದ ಇಂಟರ್ನೆಟ್ ಎಲ್ಲದರ ಬಗ್ಗೆ ನಾವೇ ಗಂಟೆಗಟ್ಟಲೆ ಕಾರ್ಯಕ್ರಮ ಮಾಡಿದ್ದೀವಿ. ಇವತ್ತು ಹೂವಿನಮ್ಮನ ಕೀಪ್ಯಾಡ್ ಫೋನಿನ ಕಡೆಯಿಂದ ನೋಡೋಣ.

ನಮ್ಮ ಬೀದಿ ಕೊನೆಯಲ್ಲಿ ಒಂದು ಅಂಗಡಿ ಇದೆ. ನಾನು ಚಿಕ್ಕವನಿದ್ದಾಗ ಅದು ಎಸ್‌ಟಿಡಿ ಬೂತ್. ಹಳದಿ ಬೋರ್ಡು, ಗಾಜಿನ ಡಬ್ಬಿ, ಒಳಗೆ ಕೆಂಪಕ್ಷರದಲ್ಲಿ ಓಡುವ ಮೀಟರು. ರಾತ್ರಿ ದರ ಕಮ್ಮಿಯಾಗಲಿ ಅಂತ ಜನ ಹೊರಗೆ ಕಾಯುತ್ತಿದ್ದರು. ಆಮೇಲೆ ಅದು ಜೆರಾಕ್ಸ್ ಅಂಗಡಿ, ಆಮೇಲೆ ಕರೆನ್ಸಿ ಅಂಗಡಿ. ಹೌದು, ಮೈಸೂರಲ್ಲಿ ನಾವು ರೀಚಾರ್ಜ್‌ಗೆ ಕರೆನ್ಸಿ ಅಂತಲೇ ಹೇಳುತ್ತಿದ್ದೆವು, "ಹತ್ತು ರೂಪಾಯಿ ಕರೆನ್ಸಿ ಹಾಕಿ ಅಣ್ಣ" ಅಂತ. ಆ ಅಂಗಡಿ ಗೋಡೆ ನೋಡಿದರೆ ಸಾಕು, ಟೆಲಿಕಾಂ ಇತಿಹಾಸ ಗೊತ್ತಾಗುತ್ತೆ. ಒಂದರ ಮೇಲೊಂದು ಬಣ್ಣ. ಸ್ಪೈಸ್, ಹಚ್, ಏರ್‌ಸೆಲ್, ಟಾಟಾ ಡೊಕೊಮೊ, ಯೂನಿನಾರ್. ಇವತ್ತು ಮೇಲೆ ಕಾಣೋದು ಎರಡೇ ಬಣ್ಣ, ಒಂದು ನೀಲಿ, ಒಂದು ಕೆಂಪು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ಮಾಡಿದ ಕರೆ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ದರ ಇತ್ತು. ಮಾಡಿದವರಿಗೂ ಖರ್ಚು, ಎತ್ತಿಕೊಂಡವರಿಗೂ ಖರ್ಚು. ಕರ್ನಾಟಕದಲ್ಲಿ ಆರಂಭದಲ್ಲಿದ್ದ ಖಾಸಗಿ ಕಂಪನಿಗಳು ಎರಡು, ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಜೆಟಿ ಮೊಬೈಲ್ಸನ್ನು 1999ರಲ್ಲಿ ಭಾರ್ತಿ ಕೊಂಡುಕೊಂಡಿತು, ಅದೇ ಇವತ್ತಿನ ಏರ್‌ಟೆಲ್. ಸ್ಪೈಸ್ 2008ರಲ್ಲಿ ಐಡಿಯಾ ಕೈಗೆ ಹೋಯಿತು.

ಇಬ್ಬರೇ ಇದ್ದಾಗ ಮೊಬೈಲ್ ಅಂದ್ರೆ ದೊಡ್ಡವರ ಸೊಂಟದ ಅಲಂಕಾರ. ಅದು ಹೂವಿನಮ್ಮನ ಸೆರಗಿಗೆ ಬಂದದ್ದು ಯಾವಾಗ? 1999ರ ಹೊಸ ನೀತಿಯಲ್ಲಿ ಕಂಪನಿಗಳಿಗೆ ಭಾರಿ ಲೈಸೆನ್ಸ್ ಶುಲ್ಕದ ಬದಲು ಆದಾಯದಲ್ಲಿ ಪಾಲು ಅಂತ ಆಯಿತು. 2000ದ ಅಕ್ಟೋಬರ್‌ನಲ್ಲಿ ಬಿಎಸ್ಎನ್ಎಲ್ ಹುಟ್ಟಿತು, ಸರ್ಕಾರಿ ಕಂಪನಿಯೂ ಮೊಬೈಲ್‌ಗೆ ಇಳಿಯಿತು. ರಿಲಯನ್ಸ್ ಬಂತು. 2003ರಲ್ಲಿ ಇನ್‌ಕಮಿಂಗ್ ಉಚಿತವಾಯಿತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂತ ಶುರು ಮಾಡಿದ ಕೂಡಲೇ ಉಳಿದವರೆಲ್ಲ ನಿಮಿಷದ ಲೆಕ್ಕ ಬಿಟ್ಟು ಸೆಕೆಂಡಿಗೆ ಇಳಿದರು. 2010ರ ಹೊತ್ತಿಗೆ ಒಂದೊಂದು ವಲಯದಲ್ಲಿ ಹತ್ತಕ್ಕೂ ಹೆಚ್ಚು ಕಂಪನಿ. 2011ರ ಜನವರಿಯಿಂದ ದೇಶದಾದ್ಯಂತ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ಬಂತು. ಗ್ರಾಹಕ ದೇವರು ಅಂತಾರಲ್ಲ, ಆ ನಾಲ್ಕೈದು ವರ್ಷ ಅದು ನಿಜ ಆಗಿತ್ತು.

ಆದರೆ ಹತ್ತು ಹನ್ನೆರಡು ಅಂಗಡಿ ಅಂತ ಖುಷಿಪಟ್ಟ ನಮಗೆ ಅದರ ಅಡಿಪಾಯ ಗಟ್ಟಿ ಇಲ್ಲ ಅಂತ ಗೊತ್ತಿರಲಿಲ್ಲ. ಇಲ್ಲಿ ನನ್ನದೇ ಕಥೆ ಇದೆ. ನಾನು ಕೊನೆ ವರ್ಷದಲ್ಲಿದ್ದಾಗ ಒಂದು ಟೆಲಿಕಾಂ ಕಂಪನಿಯಿಂದ ಆಫರ್ ಲೆಟರ್ ಬಂದಿತ್ತು. ಕಂಪನಿ ಹೆಸರು ಬೇಡ. ಅಪ್ಪ ಆ ಕಾಗದವನ್ನು ದೇವರ ಫೋಟೋ ಹಿಂದೆ ಇಟ್ಟಿದ್ದರು. 2012ರ ಫೆಬ್ರುವರಿ 2ರಂದು ಕಾಲೇಜು ಕ್ಯಾಂಟೀನಿನ ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್ ಬಂತು. 2008ರಲ್ಲಿ ಹಂಚಿದ್ದ 122 ಲೈಸೆನ್ಸ್‌ಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೊದಲು ಬಂದವರಿಗೆ ಮೊದಲು ಅಂತ ತರಂಗಾಂತರ ಹಂಚಿದ್ದು ತಪ್ಪು, ಹರಾಜು ಹಾಕಬೇಕಿತ್ತು ಅಂತ ತೀರ್ಪು. ತೀರ್ಪು ಸರಿಯಾಗಿಯೇ ಇತ್ತು. ನನ್ನ ಕೆಲಸ ಮಾತ್ರ ಹೋಯಿತು. ಅಪ್ಪ ಕಾಗದ ತೆಗೆಯಲಿಲ್ಲ, ತುಂಬಾ ದಿನ ಅಲ್ಲೇ ಇತ್ತು. ನಾನು ಈ ಕುರ್ಚಿಯಲ್ಲಿ ಕೂತಿರೋದಕ್ಕೆ ಒಂದು ಕಾರಣ ಆ ದಿನದ ಬ್ರೇಕಿಂಗ್ ನ್ಯೂಸ್.

ಅದಾದ ಮೇಲೆ 2016ರ ಸೆಪ್ಟೆಂಬರ್ 5. ಜಿಯೋ ಬಂತು. ಮಾತು ಉಚಿತ, ಮೊದಮೊದಲು ಡೇಟಾ ಕೂಡ ಉಚಿತ. 2014ರಲ್ಲಿ ಒಂದು ಜಿಬಿಗೆ ಸರಾಸರಿ 270 ರೂಪಾಯಿ ಹತ್ತಿರ ಇದ್ದದ್ದು ಹತ್ತು ರೂಪಾಯಿ ಆಸುಪಾಸಿಗೆ ಇಳಿಯಿತು. ಇದನ್ನು ಕಮ್ಮಿ ಅಂತ ಯಾರೂ ಹೇಳಬಾರದು. ಇವತ್ತು ತರಕಾರಿ ಗಾಡಿಯಲ್ಲಿ ಕ್ಯೂಆರ್ ಕೋಡ್ ಇದ್ದರೆ, ಕೊರೊನಾ ಕಾಲದಲ್ಲಿ ಮಕ್ಕಳು ಮನೆಯಲ್ಲಿ ಕೂತು ಪಾಠ ಕೇಳಿದ್ದರೆ, ಅದಕ್ಕೆ ಈ ಅಗ್ಗದ ಡೇಟಾ ಕಾರಣ.

ಆದರೆ ಆ ಬೆಲೆಯಲ್ಲಿ ಉಳಿದವರು ಉಸಿರಾಡಲಿಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಕರೆ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಸೇರಿತು. ವೊಡಾಫೋನ್, ಐಡಿಯಾ 2018ರ ಆಗಸ್ಟ್‌ನಲ್ಲಿ ಒಂದಾದವು. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಳೇ ಬಾಕಿಯ ತೀರ್ಪು ಕೊಟ್ಟಾಗ, ಸರ್ಕಾರಕ್ಕೆ ಕೊಡಬೇಕಾದ ಪಾಲನ್ನು ಲೆಕ್ಕ ಹಾಕುವಾಗ ಟೆಲಿಕಾಂ ಅಲ್ಲದ ಆದಾಯವನ್ನೂ ಸೇರಿಸಬೇಕು ಅಂದಿತು. ಮೊದಲೇ ಕುಂಟುತ್ತಿದ್ದ ವೊಡಾಫೋನ್ ಐಡಿಯಾ ಅಲ್ಲಿಗೆ ಕೂತೇ ಬಿಟ್ಟಿತು.

ಕಂಪನಿಗಳ ಮಾತನ್ನೂ ಕೇಳೋಣ, ಅದು ನ್ಯಾಯ. ಜಂಬೂಸವಾರಿ ದಿನ ಅರಮನೆ ಸುತ್ತಮುತ್ತ ನಿಂತು ಫೋನ್ ಮಾಡಿದ್ದೀರಾ? ಸಿಗ್ನಲ್ ಫುಲ್ ಇರುತ್ತೆ, ಕಾಲ್ ಹೋಗಲ್ಲ. ಯಾಕೆ? ಒಂದು ಟವರ್ ಅಂದ್ರೆ ಬೀದಿ ನಲ್ಲಿ ಇದ್ದ ಹಾಗೆ. ನಾಲ್ಕು ಬಿಂದಿಗೆ ಬಂದರೆ ಸಲೀಸು, ನಾನೂರು ಬಂದರೆ ಜಗಳ. ನೀರು ಹೆಚ್ಚಾಗಬೇಕಾದರೆ ಒಂದೋ ಪೈಪ್ ದಪ್ಪ ಆಗಬೇಕು, ಅದೇ ತರಂಗಾಂತರ. ಇಲ್ಲ ಇನ್ನಷ್ಟು ನಲ್ಲಿ ಹಾಕಬೇಕು, ಅದೇ ಟವರ್. ಎರಡಕ್ಕೂ ದುಡ್ಡು ಬೇಕು. 2022ರ ಆಗಸ್ಟ್‌ನಲ್ಲಿ ಮುಗಿದ 5ಜಿ ಹರಾಜಿನಲ್ಲಿ ಕಂಪನಿಗಳು ಬಿಡ್ ಮಾಡಿದ್ದು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಇಷ್ಟು ಸುರಿದವರು ವಾಪಸ್ ಬೇಡ ಅಂತಾರಾ? ಅನ್ನಲ್ಲ. ಹಾಗಾಗಿ ದರ ಏರೋದೇ ತಪ್ಪು ಅಂತ ನಾನು ಹೇಳಲ್ಲ.

ನಾನು ಕೇಳೋದು ಬೇರೆ. ಏರಿದ ದರ ಯಾರ ಮೇಲೆ ಕೂತಿತು?

2018ರ ಕೊನೆಗೆ ಖಾಸಗಿ ಕಂಪನಿಗಳು ಕನಿಷ್ಠ ರೀಚಾರ್ಜ್ ಅಂತ ಶುರು ಮಾಡಿದಾಗ ಅದು 28 ದಿನಕ್ಕೆ 35 ರೂಪಾಯಿ. 2024ರ ಜುಲೈ ಏರಿಕೆ ನಂತರ ಏರ್‌ಟೆಲ್, ವೊಡಾಫೋನ್ ಐಡಿಯಾ ಎರಡರಲ್ಲೂ 28 ದಿನದ ಆರಂಭದ ಪ್ಲಾನ್ 199 ರೂಪಾಯಿ ಆಯಿತು. ಹದಿಮೂರರಿಂದ ಗುಣಿಸಿ. ಆಗ ವರ್ಷಕ್ಕೆ 455 ರೂಪಾಯಿ. 2024ರ ಏರಿಕೆ ನಂತರ 2,587. ಅದರಲ್ಲೂ ಪ್ರತಿ 199 ರೂಪಾಯಿಯಲ್ಲಿ ಸುಮಾರು 30 ರೂಪಾಯಿ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಂದು ಸಾಬೂನು, ಶಾಂಪೂಗೆಲ್ಲ ತೆರಿಗೆ ಇಳಿದಾಗಲೂ ರೀಚಾರ್ಜ್ ಮೇಲಿನ ಶೇಕಡಾ 18 ಹಾಗೇ ಉಳಿಯಿತು. ಆ 199ರಲ್ಲಿ ಸಿಗುವ ಡೇಟಾ ಹೂವಿನಮ್ಮನಿಗೆ ಬೇಕಾಗಿಲ್ಲ. ಕೀಪ್ಯಾಡ್ ಫೋನಿನಲ್ಲಿ ಅದನ್ನು ಏನು ಮಾಡೋದು? ಊಟ ಬೇಕಿಲ್ಲ, ಒಂದು ಲೋಟ ನೀರು ಸಾಕು ಅಂದವರಿಗೂ ಊಟದ ಬಿಲ್ಲೇ ಬರುತ್ತಿದೆ.

ಟ್ರಾಯ್ ಇದನ್ನೂ ಗಮನಿಸಿತು. ದೇಶದಲ್ಲಿ ಸುಮಾರು 15 ಕೋಟಿ ಜನ ಇನ್ನೂ ಸಾದಾ ಫೋನ್ ಬಳಸುತ್ತಿದ್ದಾರೆ, ಅವರಿಗೆ ಬರೀ ಮಾತು ಮತ್ತು ಎಸ್ಎಂಎಸ್ ಇರುವ ಪ್ಯಾಕ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಕಂಪನಿಗಳು ಕೊಟ್ಟವು. 84 ದಿನಕ್ಕೆ ಸುಮಾರು 450ರಿಂದ 470 ರೂಪಾಯಿ ಇತ್ತು. ಲೆಕ್ಕದಲ್ಲಿ ಇದು 199ಕ್ಕಿಂತ ಅಗ್ಗ. ನಾನು ಹೂವಿನಮ್ಮನಿಗೆ ದೊಡ್ಡ ಬುದ್ಧಿವಂತನ ಹಾಗೆ ಇದನ್ನು ವಿವರಿಸಿದೆ. ಅವರು ಅಂದದ್ದು ಇಷ್ಟೇ: "ಒಟ್ಗೆ ನಾನೂರೈವತ್ತು ಇದ್ದಿದ್ರೆ ಅವತ್ತೇ ಹಾಕಿಸ್ತಿದ್ದೆ ಕಣಪ್ಪ." ದಿನದ ದುಡಿಮೆಯವರಿಗೆ ಅಗ್ಗದ ಪ್ಯಾಕ್ ಅಂದ್ರೆ ದೊಡ್ಡ ಮೂಟೆ ಅಕ್ಕಿ ಇದ್ದ ಹಾಗೆ. ಕೆ.ಜಿ. ಲೆಕ್ಕದಲ್ಲಿ ಕಮ್ಮಿ, ಆದರೆ ಮೂಟೆ ಕೊಳ್ಳೋ ದುಡ್ಡು ಯಾರ ಹತ್ತಿರ ಇರುತ್ತೆ?

ಈಗ ಮಾರುಕಟ್ಟೆಗೆ ಬನ್ನಿ. 2024ರ ಜೂನ್ ಕೊನೆಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೆರಡು ದಿನಗಳ ಅಂತರದಲ್ಲಿ ದರ ಏರಿಕೆ ಘೋಷಿಸಿದವು. 2025ರ ಆಗಸ್ಟ್‌ನಲ್ಲಿ ಜಿಯೋ, ಏರ್‌ಟೆಲ್ ಎರಡೂ ದಿನಕ್ಕೆ ಒಂದು ಜಿಬಿಯ 249 ರೂಪಾಯಿ ಪ್ಲಾನನ್ನು ಕೆಲವೇ ದಿನಗಳ ಅಂತರದಲ್ಲಿ ಆನ್‌ಲೈನ್ ಪಟ್ಟಿಯಿಂದ ತೆಗೆದವು. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಹೇಳಿಕೊಳ್ಳೋ ಅಗತ್ಯವೇ ಇಲ್ಲ. ಬೀದಿಯಲ್ಲಿ ಎರಡೇ ಅಂಗಡಿ ಇದ್ದರೆ ಒಬ್ಬ ಸಕ್ಕರೆ ರೇಟ್ ಏರಿಸಿದ್ದನ್ನ ಇನ್ನೊಬ್ಬ ಕೂತಲ್ಲಿಂದಲೇ ನೋಡಬಹುದು. ದೇಶದ ನೂರು ಮೊಬೈಲ್ ಸಂಪರ್ಕಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಇವತ್ತು ಈ ಎರಡು ಕಂಪನಿಗಳ ಕೈಯಲ್ಲಿವೆ. ಏರ್‌ಟೆಲ್‌ಗೆ ಒಬ್ಬ ಗ್ರಾಹಕನಿಂದ ತಿಂಗಳಿಗೆ ಬರುವ ಸರಾಸರಿ ಆದಾಯ 2018ರ ಕೊನೆಗೆ ನೂರು ರೂಪಾಯಿ ಚಿಲ್ಲರೆ ಇತ್ತು, 2025ರಲ್ಲಿ 250 ಆಯಿತು. ಜಿಯೋದ್ದು 200 ದಾಟಿದೆ. ಜಿಯೋ 2026ರಲ್ಲಿ ಷೇರು ಮಾರುಕಟ್ಟೆಗೆ ಬರುತ್ತೆ ಅಂತ ಅಂಬಾನಿ 2025ರಲ್ಲಿ ಘೋಷಿಸಿದರು. ಷೇರುದಾರ ಕೇಳುವ ಮೊದಲ ಪ್ರಶ್ನೆ ಈ ಸರಾಸರಿ ಎಷ್ಟು ಏರುತ್ತೆ ಅನ್ನೋದು. ಹಾಗಾಗಿ ದರ ಇನ್ನೂ ಏರುತ್ತೆ, ಅದಕ್ಕೆ ಸಿದ್ಧರಾಗಿ.

ಹಾಗಿದ್ದರೆ ಮೂರನೇ ಅಂಗಡಿ, ನಾಲ್ಕನೇ ಅಂಗಡಿ ಕಥೆ ಏನು?

ಮೂರನೆಯದು ವೊಡಾಫೋನ್ ಐಡಿಯಾ. ಕಟ್ಟಲಾಗದ ಬಾಕಿಯನ್ನು ಕೇಂದ್ರ ಸರ್ಕಾರ ಷೇರಾಗಿ ಬದಲಿಸಿಕೊಂಡಿದೆ. 2023ರಲ್ಲಿ 16,133 ಕೋಟಿ, 2025ರಲ್ಲಿ ಮತ್ತೆ 36,950 ಕೋಟಿ. ಈಗ ಸರ್ಕಾರದ ಪಾಲು ಶೇಕಡಾ 49ರ ಹತ್ತಿರ. ಅಂದ್ರೆ ನಾವು ನೀವೇ ಅದರ ಅರ್ಧ ಯಜಮಾನರು. ಆದರೆ ಈ ಅಂಗಡಿಯ ಮುಂದಿನ ಗತಿ ಏನು ಅಂತ ಯಜಮಾನರು ಕೇಳಬೇಡವೇ?

ನಾಲ್ಕನೆಯದು ಬಿಎಸ್ಎನ್ಎಲ್. 2020ರ ಜನವರಿ ಕೊನೆಗೆ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಖಾಸಗಿಯವರು 5ಜಿಗೆ ಹೋದಾಗ ಇದು 4ಜಿಗೇ ಕಾಯುತ್ತಿತ್ತು. 2024ರಲ್ಲಿ ಖಾಸಗಿ ದರ ಏರಿದಾಗ ಲಕ್ಷಾಂತರ ಜನ ಬಿಎಸ್ಎನ್ಎಲ್‌ಗೆ ಓಡಿ ಬಂದರು. ಕೆಲವೇ ತಿಂಗಳಲ್ಲಿ ಗ್ರಾಹಕರ ಸಂಖ್ಯೆ ಮತ್ತೆ ಇಳಿಯತೊಡಗಿತು. ಬಂದವರಿಗೆ ರೇಟ್ ಸಿಕ್ಕಿತು, ಸಿಗ್ನಲ್ ಸಿಗಲಿಲ್ಲ.

ಇಲ್ಲೇ ಒಂದು ಒಳ್ಳೇ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ಒಡಿಶಾದ ಝಾರ್ಸುಗುಡಾದಲ್ಲಿ ಬಿಎಸ್ಎನ್ಎಲ್‌ನ ಸ್ವದೇಶಿ 4ಜಿಯನ್ನು ಉದ್ಘಾಟಿಸಿದರು. 97,500ಕ್ಕೂ ಹೆಚ್ಚು ಟವರ್‌ಗಳು. ಅದರ ರೇಡಿಯೋ ಉಪಕರಣ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಜೊತೆಗೆ ಸಿ-ಡಾಟ್ ಮತ್ತು ಟಿಸಿಎಸ್. ಇಂಥ ಉಪಕರಣವನ್ನು ಪೂರ್ತಿ ತಾವೇ ಮಾಡುವ ದೇಶಗಳನ್ನು ಒಂದೇ ಕೈಬೆರಳಲ್ಲಿ ಎಣಿಸಬಹುದು. 1948ರಲ್ಲೇ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಕಂಡ, ದೂರವಾಣಿನಗರ ಅಂತ ಒಂದು ಬಡಾವಣೆಗೇ ಹೆಸರಿಟ್ಟ ನಾಡು ನಮ್ಮದು. ಎಂಜಿನಿಯರ್ ಆಗಿ ನನಗೆ ಇದು ನಿಜವಾಗಲೂ ಹೆಮ್ಮೆ.

ಆದರೆ ಉದ್ಘಾಟನೆಯ ಟೇಪು ಕತ್ತರಿಸಿದ ಮಾತ್ರಕ್ಕೆ ಕಾಲ್ ಕನೆಕ್ಟ್ ಆಗಲ್ಲ. 2021ರ ಮಳೆಗಾಲದ ಆ ಫೋಟೋ ನಿಮಗೆ ನೆನಪಿರಬೇಕು. ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದರೆ ಅಪ್ಪ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಅದೇ ವರ್ಷ ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ ಅಂದ್ರೆ ವೋಟೂ ಇಲ್ಲ ಅಂತ ಜನ ಬೋರ್ಡು ಹಾಕಿದರು. ಲಾಭ ಕಾಣದ ಗುಡ್ಡಕ್ಕೆ ಖಾಸಗಿಯವರು ತಾವಾಗಿ ಟವರ್ ಹೊತ್ತುಕೊಂಡು ಹೋಗಲ್ಲ. ಅಲ್ಲಿಗೆ ಹೋಗಬೇಕಾದದ್ದು ಬಿಎಸ್ಎನ್ಎಲ್. ಅದಕ್ಕಾಗಿಯೇ ಕಂಪನಿಗಳ ಆದಾಯದ ಶೇಕಡಾ 5ರಷ್ಟು ಒಂದು ನಿಧಿಗೆ ಹೋಗುತ್ತೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಹೂವಿನಮ್ಮನ 199ರಲ್ಲೂ ಅದರ ಪಾಲಿದೆ.

ಹಾಗಾದರೆ ನಮ್ಮ ಬೇಡಿಕೆ ಏನು? ನನ್ನ ಪ್ರಕಾರ ಮೂರು.

ಒಂದು, ಮಾತಿಗೆ ಮಾತ್ರ ಅಂತ ಒಂದು ತಿಂಗಳ ಪ್ಯಾಕ್. ಮೂವತ್ತು ದಿನದ್ದು, ದೊಡ್ಡ ಮೂಟೆಯಲ್ಲ, ಒಂದು ಸೇರಿನದ್ದು. ಮೊಬೈಲ್ ದರವನ್ನು ಕಂಪನಿಗಳ ಇಷ್ಟಕ್ಕೇ ಬಿಟ್ಟಿರುವ ಟ್ರಾಯ್, ಬಡವರ ಈ ಒಂದು ಪ್ಯಾಕಿಗಾದರೂ ಮಿತಿ ಹಾಕಲಿ. ಸರ್ಕಾರ ಅದರ ಮೇಲಿನ ಜಿಎಸ್‌ಟಿ ಬಿಡಲಿ. ಇನ್‌ಕಮಿಂಗ್ ನಿಲ್ಲಿಸುವ ಮೊದಲು ಆ ನಂಬರಿಗೆ ಕನ್ನಡದಲ್ಲಿ ಒಂದು ಕರೆ ಬರಲಿ. ಎಸ್ಎಂಎಸ್ ಓದಲಾಗದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ.

ಎರಡು, ಬಿಎಸ್ಎನ್ಎಲ್‌ಗೆ ಅಂಕ ಕೊಡೋದು ಟವರ್ ಎಣಿಸಿ ಅಲ್ಲ. ಕರೆ ಕಟ್ ಆಗದೆ ಎಷ್ಟು ಹೊತ್ತು ನಿಂತಿತು ಅಂತ ನೋಡಿ.

ಮೂರು, ಅರ್ಧ ಯಜಮಾನರಾದ ನಮಗೆ ವೊಡಾಫೋನ್ ಐಡಿಯಾದ ಮುಂದಿನ ದಾರಿ ಏನು ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಲಿ.

ನಿಮ್ಮ ಕೈಯಲ್ಲೂ ಒಂದು ಅಸ್ತ್ರ ಇದೆ. ಪೋರ್ಟ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಕಂಪನಿ ಬದಲಿಸುವ ಕೋಡ್ ಬರುತ್ತೆ. ಎಲ್ಲಿ ಒಳ್ಳೇ ಸೇವೆ ಇದೆಯೋ ಅಲ್ಲಿಗೆ ಹೋಗಿ. ಆದರೆ ನೆನಪಿಡಿ, ಹೋಗಲು ಇನ್ನೊಂದು ಅಂಗಡಿ ತೆರೆದಿದ್ದರೆ ಮಾತ್ರ ಆ ಅಸ್ತ್ರಕ್ಕೆ ಬೆಲೆ. ಟೆಲಿಕಾಂ ಮಾರುಕಟ್ಟೆಯ ಭವಿಷ್ಯ ಅಂದ್ರೆ ನನ್ನ ಮಟ್ಟಿಗೆ ಇದೇ: ನಮ್ಮ ಬೀದಿ ಕೊನೆಯ ಆ ಗೋಡೆ ಮೇಲೆ ಮುಂದಿನ ಐದು ವರ್ಷದಲ್ಲಿ ಎಷ್ಟು ಬಣ್ಣ ಉಳಿದಿರುತ್ತೆ ಅನ್ನೋದು.

ಹೊರಡುವ ದಿನ ಬೆಳಗ್ಗೆ ಹೂವಿನಮ್ಮ ಮತ್ತೆ ಬಂದರು. ತಿಂಗಳ ಲೆಕ್ಕ ಆಗಬೇಕಿತ್ತು. ಮೊಮ್ಮಗಳನ್ನು ನೋಡೋಕೆ ಹೋಗಿದ್ದ ಎರಡು ದಿನದ ಹೂವಿನ ದುಡ್ಡನ್ನು ಅವರೇ ಕಳೆದು ಹೇಳಿದರು. ಅಮ್ಮ ಇರಲಿ ಬಿಡು ಅಂದರೂ ಕೇಳಲಿಲ್ಲ. "ಕೊಡ್ದಿರೋ ಹೂವಿಗೆ ದುಡ್ಡು ಯಾಕವ್ವ?" ಅಂದರು.

ಇಂಥ ಲೆಕ್ಕ ಗೊತ್ತಿರೋ ಗ್ರಾಹಕರು ನಮ್ಮ ಟೆಲಿಕಾಂ ಕಂಪನಿಗಳಿಗೆ ಸಿಕ್ಕಿದ್ದಾರೆ. ಅವರನ್ನು ಕಳೆದುಕೊಳ್ಳದಿರಲಿ.